ಉತ್ತರ ಬರೋವರೆಗೆ ಫೋನ್ ಜೇಬಿನಲ್ಲಿಡಿ: ನನ್ನ ಸೈ-ಫೈ ಆರ್‌ಪಿಜಿ ರೆಡಿಯಾಗುತ್ತಿರುವ ಬಗೆ

ನಾನು ಮೊಬೈಲಿಗೆ ಅಂತ ಮಾಡುತ್ತಿರುವುದು ಆರ್‌ಪಿಜಿ, ಅಂದರೆ ನೀವೇ ಕಥೆಯ ಒಂದು ಪಾತ್ರವಾಗಿ ಆಡುವ ಗೇಮ್. ಅದರ ಕಥೆ ನಡೆಯುವುದು ಫೋಬೋಸ್ ಮೇಲೆ. ಮಂಗಳನ ಎರಡು ಚಂದ್ರರಲ್ಲಿ ಅದೇ ದೊಡ್ಡದು, ಆದರೂ ಅಡ್ಡಳತೆ ಸುಮಾರು 22 ಕಿಲೋಮೀಟರ್ ಅಷ್ಟೇ. ಅಲ್ಲೊಂದು ಚಿಕ್ಕ ನೆಲೆ, ನಾಲ್ಕು ಜನ. ಅವರಲ್ಲಿ ಒಬ್ಬರು ನೀವು. ಭೂಮಿಯ ಜೊತೆ ಮಾತುಕತೆ ಬ್ಯಾಲಾಳಿನ ಆಂಟೆನಾ ಮೂಲಕ. ಬೆಂಗಳೂರಿನ ಹತ್ತಿರ ಇಸ್ರೋದ ಆ 32 ಮೀಟರ್ ಡಿಶ್ ನಿಜವಾಗಿಯೂ ಇದೆ, ಮಂಗಳಯಾನದ ಜೊತೆ ಮಾತಾಡಿದ್ದೂ ಅದೇ.

ಮಂಗಳ ಹತ್ತಿರ ಇದ್ದಾಗ ರೇಡಿಯೋ ಸಂಕೇತ ತಲುಪೋಕೆ 3 ನಿಮಿಷ ಸಾಕು, ದೂರ ಹೋದಾಗ 22 ನಿಮಿಷದವರೆಗೂ ಬೇಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಅದು ಸುಮಾರು 12 ನಿಮಿಷ ಇತ್ತು. ಈ ತಡವನ್ನೇ ನಾನು ಗೇಮ್‌ನ ಜೀವಾಳ ಮಾಡಿಕೊಂಡೆ. ತಂಪು ಮಾಡುವ ಪಂಪ್ ಸದ್ದು ಮಾಡ್ತಿದೆ, ನಿಲ್ಲಿಸಬೇಕಾ ಬೇಡವಾ ಅಂತ ನೀವು ಭೂಮಿಗೆ ಕೇಳಿದರೆ ಹೋಗಿ ಬರೋಕೆ 24 ನಿಮಿಷ, ನಿಮ್ಮ ಗಡಿಯಾರದ ನಿಜವಾದ 24 ನಿಮಿಷ. ಕಾಯಬಹುದು, ಇಲ್ಲ ನೀವೇ ತೀರ್ಮಾನ ಮಾಡಬಹುದು. ನಿಮ್ಮ ಪಾತ್ರ ಬೆಳೆಯುವುದು ಗುಂಡು ಹಾರಿಸಿ ಅಲ್ಲ, ಹೀಗೆ ಕೇಳದೆ ತೆಗೆದುಕೊಂಡ ತೀರ್ಮಾನಗಳಿಂದ. ಜೊತೆಗಿರುವ ಮೂವರು ನಿಮ್ಮನ್ನು ನಂಬುತ್ತಾರಾ ಅನ್ನೋದೂ ಅದರ ಮೇಲೇ ನಿಂತಿದೆ.

ಕಂಪ್ಯೂಟರ್ ಮುಂದೆ ಕೂತವರಿಗೆ ಇಷ್ಟು ಹೊತ್ತು ಕಾಯೋದು ಹಿಂಸೆ. ಮೊಬೈಲಲ್ಲಿ ಹಾಗಲ್ಲ. ಪ್ರಶ್ನೆ ಕಳಿಸಿ ಫೋನ್ ಜೇಬಿಗೆ ಹಾಕಿ, ಬಸ್ ಇಳಿದು, ತರಕಾರಿ ತಗೊಂಡು ಮನೆ ಸೇರುವಷ್ಟರಲ್ಲಿ ಉತ್ತರ ಬಂದಿರುತ್ತದೆ, ಅಲ್ವಾ?

ಇದಕ್ಕೆ ಒಳಗೆ ಟೈಮರ್ ಓಡಿಸುವುದು ಬೇಡ. ಹಿಂದೆ ಸರಿದ ಆ್ಯಪ್ ಅನ್ನು ಆಂಡ್ರಾಯ್ಡ್ ಯಾವಾಗ ಬೇಕಾದರೂ ಮುಚ್ಚಿಬಿಡುತ್ತದೆ. ಉತ್ತರ ಬರಬೇಕಾದ ಸಮಯವನ್ನು ಸೇವ್ ಫೈಲಿನಲ್ಲಿ ಬರೆದಿಡುತ್ತೇನೆ, ಗೇಮ್ ತೆರೆದಾಗ ಹೋಲಿಸಿ ನೋಡುತ್ತೇನೆ, ಅಷ್ಟೇ. ಯಾರಾದರೂ ಫೋನಿನ ಗಡಿಯಾರ ಮುಂದಿಟ್ಟರೆ? ಇಡಲಿ ಬಿಡಿ, ಒಬ್ಬರೇ ಆಡುವ ಗೇಮ್, ಯಾರಿಗೂ ನಷ್ಟವಿಲ್ಲ. ಉತ್ತರ ಬಂತು ಅಂತ ತಿಳಿಸೋಕೆ ನೋಟಿಫಿಕೇಶನ್ ಬೇಕು, ಆಂಡ್ರಾಯ್ಡ್ 13ರಿಂದ ಅದಕ್ಕೆ ಅನುಮತಿ ಕೇಳಲೇಬೇಕು. ಅದನ್ನು ಗೇಮ್ ಶುರುವಾದ ತಕ್ಷಣ ಸುಮ್ನೆ ಕೇಳದೆ, ಮೊದಲ ಸಂದೇಶ ಕಳಿಸಿದ ಮೇಲೆ ಕೇಳುತ್ತೇನೆ. ಯಾಕೆ ಬೇಕು ಅಂತ ಆಗ ಆಡುವವರಿಗೇ ಗೊತ್ತಾಗುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಕನ್ನಡ ಅಕ್ಷರಗಳು. ನಾನು ಬಳಸುವುದು ಗೊಡೋ ಎಂಜಿನ್, ಅಂದರೆ ಗೇಮ್ ಕಟ್ಟುವ ತಂತ್ರಾಂಶ. 2023ರಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ ಅಕ್ಷರಗಳನ್ನು ಜೋಡಿಸಿ ಸರಿಯಾದ ರೂಪ ಕೊಡುವ (ಇದಕ್ಕೆ ಶೇಪಿಂಗ್ ಅಂತಾರೆ) ಹಾರ್ಫ್‌ಬಜ್ ಸೇರಿಕೊಂಡಿದೆ, ಹಾಗಾಗಿ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಆದರೆ ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡಿದಾಗ ‘ರಕ್ಷಣೆ’ಯಲ್ಲಿ ಮೊದಲು ಕ, ಆಮೇಲೆ ಕ್, ಆಮೇಲೆ ಕ್ಷ ಕಾಣಿಸುತ್ತಿತ್ತು. ಪ್ರತಿ ಒತ್ತಿಗೂ ಸಾಲು ಮಿನುಗಿದಂತಾಗಿ ಕಣ್ಣು ನೋಯುತ್ತದೆ. ಅಕ್ಷರಗಳನ್ನು ಶೇಪಿಂಗ್ ಆದ ಮೇಲೆ ತೋರಿಸು ಅನ್ನುವ ಆಯ್ಕೆ ಗೊಡೋದಲ್ಲಿ ಪಠ್ಯ ತೋರಿಸುವ ಲೇಬಲ್‌ನಲ್ಲೇ ಇದೆ, ಅದನ್ನು ಹಾಕಿದರೆ ಮಿನುಗು ನಿಲ್ಲುತ್ತದೆ. ಸಾಲುಗಳ ನಡುವಿನ ಜಾಗವನ್ನೂ ಇಂಗ್ಲಿಷಿಗಿಂತ ಹೆಚ್ಚು ಕೊಡಿ, ಇಲ್ಲದಿದ್ದರೆ ‘ರಾಷ್ಟ್ರ’ದಂಥ ಪದದ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ. ಕನ್ನಡದಲ್ಲಿ ಗೇಮ್ ಮಾಡುವವರು ಈ ಎರಡನ್ನು ಮೊದಲ ದಿನವೇ ನೋಡಿಕೊಳ್ಳಿ.

ವೇಗದ ಚಿಂತೆ ಹೆಚ್ಚಿಲ್ಲ. ಸರದಿ ಪ್ರಕಾರ ಆಡುವ ಗೇಮ್, ಸೆಕೆಂಡಿಗೆ 30 ಫ್ರೇಮ್ ಸಾಕು. ಫೋನ್ ಬಿಸಿಯಾಗುವುದಿಲ್ಲ, ಹಳೆಯ ಸೆಟ್‌ಗಳಲ್ಲೂ ಓಡುತ್ತದೆ.

ಈಗ ಎರಡನೇ ಅಧ್ಯಾಯದ ಸಂಭಾಷಣೆ ಬರೆಯುತ್ತಿದ್ದೇನೆ. ಅದು ಮುಗಿದ ಮೇಲೆ ಪ್ಲೇ ಸ್ಟೋರಿನ ಕ್ಲೋಸ್ಡ್ ಟೆಸ್ಟಿಂಗ್, ಅಂದರೆ ಎಲ್ಲರಿಗೂ ಬಿಡುವ ಮೊದಲು ಆಯ್ದ ಕೆಲವರಿಂದ ಪರೀಕ್ಷೆ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಜನರಿಂದ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕು. ಆ 12 ಜನರಲ್ಲಿ ಗೇಮ್ ಆಡಿ ಅಭ್ಯಾಸವೇ ಇಲ್ಲದ ಕೆಲವರನ್ನಾದರೂ ಸೇರಿಸಿಕೊಳ್ಳುತ್ತೇನೆ, ಉತ್ತರಕ್ಕೆ ಕಾಯುತ್ತಾರೋ ತಾವೇ ಪಂಪ್ ನಿಲ್ಲಿಸುತ್ತಾರೋ ಅನ್ನೋದನ್ನು ನಾನು ನೋಡಲೇಬೇಕು.