ಲಂಡನ್ನಿನಲ್ಲಿ ನಾಟಕ ಕಲಿಯುವವರ ವಾರಾಂತ್ಯದ ತಿರುಗಾಟ

ಧಾರವಾಡ, ಗದಗ, ಹಾವೇರಿ ಕಡೆಯಿಂದ ನಾಟಕ ಕಲಿಯಲು ಲಂಡನ್ನಿಗೆ ಹೊರಟಿರುವ ನಮ್ಮ ಬಳಗದ ವಿದ್ಯಾರ್ಥಿಗಳು ಅಲ್ಲಿ ತಲುಪಿದ ಕೂಡಲೇ 16–25 ರೈಲ್‌ಕಾರ್ಡ್ ಮಾಡಿಸಿಕೊಳ್ಳುವುದು ಒಳ್ಳೆಯದು. ಅದರಿಂದ ರೈಲು ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ, ವಯಸ್ಸು 25 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಅದು ಸಿಗುತ್ತದೆ.

ಮೊದಲ ಪ್ರವಾಸಕ್ಕೆ ಶೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್ ಅಪಾನ್ ಏವನ್ ತಕ್ಕದ್ದು. ಮೆರಿಲ್‌ಬೋನ್ ನಿಲ್ದಾಣದಿಂದ ಎರಡು ತಾಸಿಗೂ ಹೆಚ್ಚಿನ ದಾರಿಯಾದ್ದರಿಂದ ಶನಿವಾರ ನಸುಕಿನಲ್ಲೇ ಹೊರಟು, ಅವನು ಹುಟ್ಟಿದ ಮನೆಯನ್ನೂ ಹೋಲಿ ಟ್ರಿನಿಟಿ ಚರ್ಚಿನಲ್ಲಿರುವ ಸಮಾಧಿಯನ್ನೂ ನೋಡಿಕೊಂಡು, ರಾಯಲ್ ಶೇಕ್ಸ್‌ಪಿಯರ್ ಥಿಯೇಟರಿನಲ್ಲಿ ಮಧ್ಯಾಹ್ನದ ಪ್ರದರ್ಶನವಿದ್ದರೆ ಅದನ್ನು ಮುಗಿಸಿ ರಾತ್ರಿಯೊಳಗೆ ಮರಳಬಹುದು. ಭಾನುವಾರ ಬೇಡ, ಹಳಿಗಳ ದುರಸ್ತಿಗಾಗಿ ರೈಲುಗಳು ರದ್ದಾಗುವುದು ಅಲ್ಲಿ ಸಾಮಾನ್ಯ.

ದಣಿವಾದ ವಾರ ಲಂಡನ್ನಿನಲ್ಲೇ ಉಳಿದು, ಶೇಕ್ಸ್‌ಪಿಯರನ ಕಾಲದ ಮಾದರಿಯಲ್ಲಿ ಕಟ್ಟಿ 1997ರಲ್ಲಿ ತೆರೆದ ಗ್ಲೋಬ್ ರಂಗಮಂದಿರದಲ್ಲಿ, ಬಯಲಿನಲ್ಲಿ ನಿಂತು ನೋಡುವ ಅಂಗಳದ ಟಿಕೆಟ್ ಕೊಳ್ಳಿರಿ, ಅದೇ ಅತ್ಯಂತ ಅಗ್ಗ. ಬಯಲಾಟ ನೋಡಿ ಬೆಳೆದ ನಮಗೆ ತೆರೆದ ಬಾನು ಹೊಸದಲ್ಲ, ಆದರೆ ಅಲ್ಲಿ ನಾಟಕ ಮುಗಿಯುವವರೆಗೆ ನೆಲಕ್ಕೂ ಕೂರುವಂತಿಲ್ಲ, ಮಳೆ ಬಂದರೆ ಕೊಡೆ ಬಿಡಿಸುವಂತಿಲ್ಲ. ಆದ್ದರಿಂದ ರೇನ್‌ಕೋಟ್ ಮತ್ತು ಮೆತ್ತನೆಯ ಬೂಟು ಕಡ್ಡಾಯ. ಚಳಿಗಾಲದಲ್ಲಿ ಅಂಗಳದ ಪ್ರದರ್ಶನಗಳು ಕಡಿಮೆ. ಆಗ ರಂಗಭೂಮಿಯ ಸಂಗ್ರಹವೂ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗಬಹುದು, ಪ್ರವೇಶ ಉಚಿತ.