ಏಜ್ ಆಫ್ ಎಂಪೈರ್ಸ್ 2: ನಮ್ಮ ಕಡೆಯಿಂದ ಆಡುವವರು ಲಾಬಿ ಆರಿಸಿಕೊಳ್ಳುವುದು ಹೇಗೆ

ಈ ಆಟದ ಡೆಫಿನಿಟಿವ್ ಎಡಿಷನ್‌ ಆವೃತ್ತಿಯಲ್ಲಿ ಮಲ್ಟಿಪ್ಲೇಯರ್‌ಗೆ ಹೋಗಿ ಲಾಬಿ ಬ್ರೌಸರ್ ತೆರೆದರೆ ಲಾಬಿಗಳ, ಅಂದರೆ ಆಟ ಶುರುವಾಗುವ ಮುಂಚೆ ಆಟಗಾರರು ಸೇರುವ ಕೋಣೆಗಳ, ಉದ್ದನೆಯ ಪಟ್ಟಿ ಬರುತ್ತದೆ. ಹೊಸಬರು ಮ್ಯಾಪಿನ ಹೆಸರು ನೋಡಿ ಸೀದಾ ಒಳಗೆ ಹೋಗುತ್ತಾರೆ. ಮೊದಲು ನೋಡಬೇಕಾದ್ದು ಸರ್ವರ್ ಯಾವ ಪ್ರದೇಶದ್ದು ಅನ್ನುವುದನ್ನು. ಆಮೇಲೆ ಒಳಗಿರುವವರ ರೇಟಿಂಗ್. ಮ್ಯಾಪ್ ಮೂರನೆಯದು.

ಈ ಆಟದಲ್ಲಿ ಎಂಟು ಜನ ಸೇರಿದ್ದರೆ ಎಂಟೂ ಜನರ ಕಂಪ್ಯೂಟರುಗಳು ಒಂದೇ ಆಟವನ್ನು ಜೊತೆಜೊತೆಗೇ ನಡೆಸುತ್ತಿರುತ್ತವೆ. ನೆಟ್ಟಿನಲ್ಲಿ ಓಡಾಡುವುದು ಆಟಗಾರರು ಕೊಡುವ ಆಜ್ಞೆಗಳಷ್ಟೇ. ಅದಕ್ಕೇ ಡೇಟಾ ಹೆಚ್ಚು ತಿನ್ನುವುದಿಲ್ಲ, ಸಿಗ್ನಲ್ ಗಟ್ಟಿಯಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಕೂಡ ಸಾಕು. ಆದರೆ ಒಬ್ಬರ ಕಡೆಯಿಂದ ಆಜ್ಞೆ ತಡವಾದರೆ ಮಿಕ್ಕ ಏಳು ಜನರೂ ಕಾಯಬೇಕು. ಒಬ್ಬರ ಕಂಪ್ಯೂಟರ್ ಹಳೆಯದಾದರೂ ಅಷ್ಟೇ: ಎಲ್ಲರ ಜನಸಂಖ್ಯೆ (ಒಬ್ಬೊಬ್ಬರ ಕೆಲಸಗಾರರು, ಸೈನಿಕರು ಎಲ್ಲ ಸೇರಿ) 200 ಮುಟ್ಟಿದ ಮೇಲೆ ಇಡೀ ಆಟ ಎಳೆಯತೊಡಗುತ್ತದೆ. ಲಾಬಿಯಲ್ಲಿ ಯಾರ ಹೆಸರಿನ ಪಕ್ಕದಲ್ಲಾದರೂ ಎಚ್ಚರಿಕೆಯ ಗುರುತು ಕಂಡರೆ ಹೊರಗೆ ಬನ್ನಿ. ಆಟ ಶುರುವಾಗುವ ಮುಂಚೆ ಎದ್ದು ಹೋಗುವುದರಲ್ಲಿ ತಪ್ಪಿಲ್ಲ, ಶುರುವಾದ ಮೇಲೆ ಜೊತೆಗಾರರನ್ನು ನಡುನೀರಿನಲ್ಲಿ ಬಿಡುವುದು ತಪ್ಪು.

ತುಮಕೂರಾಗಲಿ ಚಿಂತಾಮಣಿಯಾಗಲಿ, ಭಾರತದ ಸರ್ವರ್ ಸಿಕ್ಕರೆ ಅದೇ ಮೊದಲ ಆಯ್ಕೆ. ಎರಡನೆಯದು ಆಗ್ನೇಯ ಏಷ್ಯಾ, ಅಂದರೆ ಸಿಂಗಪುರ. ಚೆನ್ನೈನಿಂದ ಸಿಂಗಪುರಕ್ಕೆ ಸಮುದ್ರದಡಿಯ ಕೇಬಲ್ಲೇ 3,000 ಕಿ.ಮೀ. ದಾಟುತ್ತದೆ, ಹೋಗಿಬರುವುದಕ್ಕೇ 30 ಮಿಲಿಸೆಕೆಂಡ್ ಬೇಕು. ಕೋಲಾರ ಚೆನ್ನೈಗೆ ಹತ್ತಿರ ಅನ್ನುವುದರಿಂದ ಇಲ್ಲಿ ದೊಡ್ಡ ಲಾಭವಿಲ್ಲ, ನಿಮ್ಮ ಇಂಟರ್ನೆಟ್ ಕಂಪನಿ ಟ್ರಾಫಿಕ್ಕನ್ನು ಯಾವ ದಾರಿಯಲ್ಲಿ ಕಳಿಸುತ್ತದೆ ಅನ್ನುವುದೇ ಮುಖ್ಯ. ಪಿಂಗ್ (ಸರ್ವರ್‌ಗೆ ಹೋಗಿಬರುವ ಹೊತ್ತು, ಮಿಲಿಸೆಕೆಂಡಿನಲ್ಲಿ) 100ರ ಒಳಗಿದ್ದರೆ ಯೋಚನೆಯಿಲ್ಲ, 150ರವರೆಗೆ ಸಹಿಸಬಹುದು. 200 ದಾಟಿದರೆ ಎದುರಾಳಿಯ ಕಲ್ಲೆಸೆಯುವ ಯಂತ್ರ ಮ್ಯಾಂಗೊನೆಲ್‌ನ ಕಲ್ಲು ಬೀಳುವಷ್ಟರಲ್ಲಿ ಬಿಲ್ಲುಗಾರರನ್ನು ಚದುರಿಸುವುದು ಕಷ್ಟ.

ಪಿಂಗ್‌ನ ಸರಾಸರಿಗಿಂತ ಏರಿಳಿತ ಹೆಚ್ಚು ಕಾಡುತ್ತದೆ. ಆಡುವ ಮುಂಚೆ ಕಮಾಂಡ್ ಪ್ರಾಂಪ್ಟಿನಲ್ಲಿ ಗೂಗಲ್‌ನ 8.8.8.8ಕ್ಕೆ ಪಿಂಗ್ ಹಾಕಿ (ping -t 8.8.8.8) ಎರಡು ನಿಮಿಷ ನೋಡಿ. ಒಂದೇ ಸಮ 60 ಬಂದರೆ ಒಳ್ಳೆಯದು. 25, 30, 240, 28 ಅಂತ ಹಾರಾಡುತ್ತಿದ್ದರೆ ಬಹುಪಾಲು ಮನೆಯ ವೈಫೈ ತೊಂದರೆ, ಲ್ಯಾನ್ ಕೇಬಲ್ ಎಳೆದುಕೊಳ್ಳಿ.

ಯಾವ ಹೊತ್ತಿಗೆ ಕೂರುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಸಂಜೆ 5.30 ಸಿಂಗಪುರದವರ ರಾತ್ರಿ 8 ಗಂಟೆ. ಜರ್ಮನಿ, ಫ್ರಾನ್ಸ್‌ನವರಿಗೆ ಸಂಜೆ 7 ಆಗುವುದು ನಮಗೆ ಅವರ ಬೇಸಿಗೆಯಲ್ಲಿ ರಾತ್ರಿ 10.30ಕ್ಕೆ, ಅವರ ಚಳಿಗಾಲದಲ್ಲಿ 11.30ಕ್ಕೆ. ಆಮೇಲೆ ಪಟ್ಟಿ ತುಂಬಿದ್ದರೂ ಅದರಲ್ಲಿ ಯುರೋಪಿನ ಸರ್ವರ್‌ಗಳೇ ಜಾಸ್ತಿ.

ಇನ್ನು ರೇಟಿಂಗ್, ಅಂದರೆ ಗೆದ್ದರೆ ಏರುವ, ಸೋತರೆ ಇಳಿಯುವ ಅಂಕ. ಎಲ್ಲರೂ 1000ದಿಂದ ಶುರು ಮಾಡುತ್ತಾರೆ, ಆದ್ದರಿಂದ 1000 ಅಂಕಿ ಒಂದೇ ಏನನ್ನೂ ಹೇಳುವುದಿಲ್ಲ. ಪ್ರೊಫೈಲ್ ತೆರೆದು ಎಷ್ಟು ಆಟ ಆಡಿದ್ದಾರೆ ನೋಡಿ. ಮೂರೇ ಆಟ ಆಡಿದ 1000 ಹೊಸಬರಿರಬಹುದು, ಇಲ್ಲವೇ ಎರಡನೇ ಖಾತೆಯಲ್ಲಿ ಬಂದ ಪಳಗಿದ ಕೈ ಇರಬಹುದು. ಈ ಅಂಕ ಹಾಕುವ ಎಲೊ ಲೆಕ್ಕದ ಪ್ರಕಾರ 100 ಅಂಕ ಮೇಲಿರುವವರು 100ಕ್ಕೆ ಸುಮಾರು 64 ಆಟ ಗೆಲ್ಲಬೇಕು, 200 ಮೇಲಿದ್ದರೆ 76. ಕಲಿಯುವುದಕ್ಕೆ 100 ಅಂಕ ಮೇಲಿನವರು ಒಳ್ಳೆಯ ಎದುರಾಳಿ, 300 ಮೇಲಿನವರ ಕೈಯಲ್ಲಿ ಏನಾಯಿತೆಂದು ತಿಳಿಯುವ ಮುಂಚೆ ಆಟ ಮುಗಿದಿರುತ್ತದೆ. ನಾಲ್ಕು ಜನರ ತಂಡವಾದರೆ ಎರಡೂ ಕಡೆಯ ಮೊತ್ತ ಕೂಡಿ ನೋಡಿ, ವ್ಯತ್ಯಾಸ ದೊಡ್ಡದಿದ್ದರೆ ತಂಡ ಬದಲಿಸಲು ಹೋಸ್ಟನ್ನು (ಲಾಬಿ ತೆರೆದವರನ್ನು) ಕೇಳಿ.

ರೆಡಿ ಒತ್ತುವ ಮುಂಚೆ ಸೆಟ್ಟಿಂಗ್ಸ್ ಓದಿ: ವೇಗ ನಾರ್ಮಲ್ (1.7), ಜನಸಂಖ್ಯೆ 200, ಚೀಟ್ಸ್ ಆಫ್, ತಂಡಗಳು ಲಾಕ್. ಹೆಚ್ಚು ಜಗಳ ಬರುವುದು ‘ನೋ ರಶ್ 30’ (ಮೊದಲ 30 ನಿಮಿಷ ದಾಳಿ ಬೇಡ) ಲಾಬಿಗಳಲ್ಲಿ. ಹೆಸರಿನಲ್ಲಿ ಹಾಗೆ ಬರೆದು, ಒಳಗೆ ಸೆಟ್ಟಿಂಗ್ಸ್‌ನಲ್ಲಿ ದಾಳಿ ತಡೆಯುವ ಟ್ರೀಟಿ ಅವಧಿ ಹಾಕಿರುವುದಿಲ್ಲ. ಆಗ ಹತ್ತನೇ ನಿಮಿಷಕ್ಕೆ ಯಾರಾದರೂ ನುಗ್ಗಿದರೆ ಆಟ ತಡೆಯುವುದಿಲ್ಲ. ಬಿ.ಎಫ್. ಅಂದರೆ ಬ್ಲ್ಯಾಕ್ ಫಾರೆಸ್ಟ್ ಮ್ಯಾಪ್, ನಾಲ್ಕುನಾಲ್ಕು ಜನರಾದರೆ ಗಂಟೆ ಮೀರಬಹುದು. ಊಟದ ಹೊತ್ತಿಗೆ ಸೇರಬೇಡಿ. ಚಾಟಿನಲ್ಲಿ ಅಂಕಿ ಒತ್ತಿದರೆ ಸಿದ್ಧ ಮಾತು ಕೇಳಿಸುತ್ತದೆ; ಯಾರಾದರೂ 14 ಒತ್ತಿದರೆ ‘ಬೇಗ ಶುರು ಮಾಡಪ್ಪ’ ಎಂದರ್ಥ.

ಒಳ್ಳೆಯದು ಯಾವುದೂ ಸಿಗದಿದ್ದರೆ ನೀವೇ ಹೋಸ್ಟ್ ಮಾಡಿ, ನನ್ನ ಪ್ರಕಾರ ಇದೇ ಉತ್ತಮ. ಭಾರತದ ಸರ್ವರ್ ಆರಿಸಿ, ಹೆಸರಿನಲ್ಲೇ ಮ್ಯಾಪ್, ಎಷ್ಟು ಜನ, ರೇಟಿಂಗ್ ಮಿತಿ ಬರೆಯಿರಿ: ‘ಅರೇಬಿಯಾ, 2ಕ್ಕೆ 2, 900–1100’. ಬರಿ ‘ಫನ್ ಗೇಮ್’ ಅಂದರೆ ಯಾರು ಬೇಕಾದರೂ ಬರುತ್ತಾರೆ. ಕರೆಂಟಿನ ಬಗ್ಗೆ ಒಂದು ಮಾತು: ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಲೈನ್ ದೀಪ, ಫ್ಯಾನಿಗಷ್ಟೇ ಇರುತ್ತದೆ, ರೂಟರ್ ಪ್ಲಗ್ಗಿಗೆ ಇರುವುದಿಲ್ಲ. ರೂಟರ್ ಮತ್ತು ಫೈಬರ್ ಪೆಟ್ಟಿಗೆ ಬೇರೆಬೇರೆಯಾಗಿದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೂ ನೆಟ್ ಹೋದರೆ ಆಟ ಹೋದಂತೆಯೇ.