ಅಡಿಕೆ ಸುಲಿಯುವ ಹೆಂಗಸರ ಆರೋಗ್ಯ: ನಾನು ಅಧ್ಯಯನ ನಡೆಸಿದ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ಆರೋಗ್ಯ ಉಪಕೇಂದ್ರವೊಂದರಲ್ಲಿ ನಾನು ಶುಶ್ರೂಷಕಿ. ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿ ಕಳೆಯುವವರೆಗೆ ನಮ್ಮಲ್ಲಿಗೆ ಬರುವ ಹೆಂಗಸರ ದೂರುಗಳು ಹೆಚ್ಚುಕಡಿಮೆ ಒಂದೇ: ಸೊಂಟನೋವು, ಮಂಡಿನೋವು, ಉರಿಮೂತ್ರ, ನಿದ್ದೆ ಸಾಲುತ್ತಿಲ್ಲ. ನೋವಿನ ಮಾತ್ರೆ, ಹಚ್ಚುವ ಮುಲಾಮು ಕೊಟ್ಟು ಕಳಿಸುತ್ತೇವೆ. ಸ್ವಲ್ಪ ದಿನದಲ್ಲೇ ಅವರು ಮತ್ತೆ ಬರುತ್ತಾರೆ. ದಾಖಲೆ ಪುಸ್ತಕದಲ್ಲಿ ಅವರ ಉದ್ಯೋಗ ‘ಗೃಹಿಣಿ’ ಎಂದಿರುತ್ತದೆ. ರಾತ್ರಿಯೆಲ್ಲ ಅವರು ಅಡಿಕೆ ಸುಲಿಯುತ್ತಾರೆಂಬುದು ಊರಿಗೆಲ್ಲ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ. ನರ್ಸಿಂಗ್ ಸ್ನಾತಕೋತ್ತರ ಓದಿನ ಪ್ರಬಂಧಕ್ಕೆ ವಿಷಯ ಆರಿಸಬೇಕಾಗಿ ಬಂದಾಗ ನಾನು ಇದನ್ನೇ ಹಿಡಿದೆ.

ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ ‘ನೀವು ಮಾಡುವ ಕೆಲಸ ಯಾವುದು’ ಎಂಬುದನ್ನೂ ಸೇರಿಸಿಕೊಳ್ಳಿ ಎಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಮಝಿನಿ 1700ರಲ್ಲೇ ವೈದ್ಯರಿಗೆ ಹೇಳಿದ್ದ. ಆ ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಕೇಳಬೇಕು ಎಂಬುದು ನನ್ನ ಅನುಭವ. ಯಾವ ಹೊತ್ತಿನಲ್ಲಿ ಮಾಡುತ್ತೀರಿ, ಹೇಗೆ ಕೂರುತ್ತೀರಿ, ಕೂಲಿ ಯಾವ ಲೆಕ್ಕದಲ್ಲಿ ಎಂದು ಕೇಳದೆ ಬೆನ್ನಿನ ಕಥೆ ಅರ್ಧವೂ ತಿಳಿಯುವುದಿಲ್ಲ.

ಕೆಂಪಡಿಕೆಗೆ ಕಾಯಿಯನ್ನು ಹಸಿಯಾಗಿರುವಾಗಲೇ ಸುಲಿದು ಬೇಯಿಸಬೇಕು. ಹಗಲು ಮರದಿಂದ ಇಳಿಸಿದ ಗೊನೆಗಳನ್ನು ಒಣಗಲು ಬಿಡುವಂತಿಲ್ಲ. ಹಾಗಾಗಿ ಸುಲಿತ ರಾತ್ರಿಯ ಕೆಲಸವಾಗುತ್ತದೆ. ಮನೆಯ ಅಡುಗೆ, ಕೊಟ್ಟಿಗೆ, ಮಕ್ಕಳ ಊಟ ಮುಗಿಸಿ ಬಂದವರು ಮಣೆಗೆ ಅಲುಗು ಕೂರಿಸಿದ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ನಡುರಾತ್ರಿಗೆ. ನಾನು ಒಬ್ಬ ಅಕ್ಕನ ಪಕ್ಕದಲ್ಲಿ ಕೂತು ಅವರ ಕೈಯನ್ನೇ ಗಮನಿಸಿದೆ. ಎಡಗೈಯಲ್ಲಿ ಕಾಯಿ ಎತ್ತಿ, ಅಲುಗಿಗೆ ಒತ್ತಿ, ಮಣಿಕಟ್ಟು ತಿರುಗಿಸಿ ಸಿಪ್ಪೆ ಸೀಳುತ್ತಾರೆ. ಮರುಕ್ಷಣ ಬಲಗೈ ಹೆಬ್ಬೆರಳು ಒಳಗಿನ ಅಡಿಕೆಯನ್ನು ಕೀಳುತ್ತದೆ. ಅದು ಬುಟ್ಟಿಗೆ ಬೀಳುವಷ್ಟರಲ್ಲಿ ಇನ್ನೊಂದು ಕಾಯಿ ಅಲುಗಿನ ಮೇಲಿರುತ್ತದೆ. ಹೆಬ್ಬೆರಳಿಗೆ ಸುತ್ತಿದ ಹಳೆಯ ಸೀರೆಯ ಚೂರು ಅಡಿಕೆಯ ಚೊಗರು ಹಿಡಿದು ಕಪ್ಪಾಗಿತ್ತು, ಅದರಡಿ ಹಳೆಯ ಗಾಯದ ಗೆರೆಗಳಿದ್ದವು. ಕತ್ತು ಮಾತ್ರ ಒಂದೇ ಕೋನದಲ್ಲಿ ಬಾಗಿ ನಿಂತುಬಿಟ್ಟಿತ್ತು. ಕೈ ಅಷ್ಟೊಂದು ದುಡಿಯುವಾಗ ಕತ್ತು, ಸೊಂಟ ಕದಲದೆ ಇರುವುದೇ ಈ ಕೆಲಸದ ಕಷ್ಟ.

ನೋವನ್ನು ಅಳೆಯಲು 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿಯನ್ನು ಬಳಸಿದೆ. ಅದರಲ್ಲಿ ದೇಹದ ಒಂಬತ್ತು ಭಾಗಗಳ ಚಿತ್ರವಿದೆ. ಕಳೆದ 12 ತಿಂಗಳಲ್ಲಿ, ಕಳೆದ 7 ದಿನಗಳಲ್ಲಿ ಎಲ್ಲಿ ನೋವಿತ್ತು, ಅದರಿಂದ ಎಂದಿನ ಕೆಲಸ ನಿಂತಿತೇ ಎಂದು ಕೇಳಲಾಗುತ್ತದೆ. ಓದು ಬಾರದವರೂ ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಹುದು. ಮನಸ್ಸಿನ ನೆಮ್ಮದಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಸೂಚ್ಯಂಕ. ಕಳೆದ ಎರಡು ವಾರಗಳಲ್ಲಿ ಉಲ್ಲಾಸವಿತ್ತೇ, ಬೆಳಿಗ್ಗೆ ಎದ್ದಾಗ ದಣಿವು ಆರಿತ್ತೇ ಎಂಬಂಥ ಐದು ಮಾತುಗಳಿಗೆ 0ಯಿಂದ 5ರವರೆಗೆ ಅಂಕ. ಒಟ್ಟನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಲೆಕ್ಕ ಸಿಗುತ್ತದೆ. 50 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ಮುಂದೆ ವಿಚಾರಿಸಬೇಕು.

ಆ ಪ್ರಶ್ನೆಗಳನ್ನು ಓದುತ್ತಿದ್ದಾಗ ಒಬ್ಬರು, “ಸಿಸ್ಟರ್, ಎರಡು ವಾರ ಎಂದರೆ ಸುಲಿತ ಇರುವ ಎರಡು ವಾರವೋ, ಇಲ್ಲದ ಎರಡು ವಾರವೋ? ಎರಡರಲ್ಲೂ ನಾನು ಬೇರೆ ಬೇರೆ ಮನುಷ್ಯಳು” ಎಂದರು. ಅಧ್ಯಯನದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಮಾತು ಅದು. ಅದೇ ಹೆಂಗಸರನ್ನು ಸುಲಿತದ ನಡುವೆ ಒಮ್ಮೆ, ಕೆಲಸವಿಲ್ಲದ ಬೇಸಿಗೆಯಲ್ಲಿ ಇನ್ನೊಮ್ಮೆ ಕೇಳುವುದೆಂದು ಮಾರ್ಗದರ್ಶಕರೊಂದಿಗೆ ಕೂತು ನಿರ್ಧರಿಸಿದೆ. ಬೇಸಿಗೆಯಲ್ಲಿ ಮೈನೋವು ಇಳಿದಿತ್ತು. ಆದರೆ ನೆಮ್ಮದಿ ಎಲ್ಲರಲ್ಲೂ ಏರಿರಲಿಲ್ಲ. ಸುಲಿತ ನಿಂತರೆ ಕೂಲಿಯೂ ನಿಲ್ಲುತ್ತದೆ, ಸಂಘದ ಸಾಲದ ಕಂತು ನಿಲ್ಲುವುದಿಲ್ಲ. ಒಂದೇ ಸಲ ಕೇಳಿ ಬಂದಿದ್ದರೆ ದುಡಿಮೆಯೇ ಎಲ್ಲ ಸಂಕಟದ ಮೂಲ ಎಂದು ಬರೆದು ಮುಗಿಸುತ್ತಿದ್ದೆ.

ಎಲ್ಲಿ ಕೇಳಬೇಕೆಂಬುದೂ ಸಣ್ಣ ವಿಷಯವಲ್ಲ. ಸುಲಿತದ ಅಂಗಳದಲ್ಲಿ ತೋಟದ ಯಜಮಾನರು ಓಡಾಡುತ್ತಿದ್ದರೆ “ಏನೂ ತೊಂದರೆ ಇಲ್ಲ” ಎಂಬ ಉತ್ತರ ಬರುತ್ತದೆ. ಅದಕ್ಕಾಗಿ ಒಪ್ಪಿಗೆ ಪತ್ರವನ್ನು ಅವರವರ ಮನೆಯಲ್ಲೇ, ಹಗಲು ಹೊತ್ತು ಓದಿ ಹೇಳಿದೆ. ಬೇಡವೆನ್ನಬಹುದು, ನಡುವೆ ಬಿಡಬಹುದು, ಬಿಟ್ಟರೆ ಚಿಕಿತ್ಸೆಗೆ ತಡೆಯಿಲ್ಲ ಎಂಬ ಮೂರು ಮಾತನ್ನು ಒತ್ತಿ ಹೇಳಿದೆ. ನೈತಿಕ ಸಮಿತಿಯ ಅನುಮತಿ ಮೊದಲೇ ಇತ್ತು. ಆದರೆ ಕಾಗದದ ಅನುಮತಿಯಿಂದ ಬಾಯಿ ತೆರೆಯುವುದಿಲ್ಲ. ನನಗೆ ಬಾಗಿಲು ತೆರೆಸಿದವರು ಆಶಾ ಕಾರ್ಯಕರ್ತೆಯರು.

ಅವರಲ್ಲಿ ಒಬ್ಬರಿಗೆ ಬೆಳಗಿನ ಸಮೀಕ್ಷೆಯ ನಡುವೆ ತೂಕಡಿಕೆ ಬರುತ್ತಿತ್ತು. ವಿಚಾರಿಸಿದರೆ ಅವರೂ ರಾತ್ರಿ ಸುಲಿಯಲು ಹೋಗುತ್ತಿದ್ದರು. ಬಾಣಂತಿಯ ಮನೆ, ಲಸಿಕೆ ದಿನ, ಮಂಗನ ಕಾಯಿಲೆಯ ಕಾಲದಲ್ಲಿ ಉಣ್ಣೆ ಹುಳುವಿನ ಕಡಿತ ತಡೆಯುವ ಎಣ್ಣೆ ಹಂಚುವುದು, ಎಲ್ಲವನ್ನೂ ಮುಗಿಸಿ ಮತ್ತೆ ಮೆಟ್ಟುಗತ್ತಿ. ಊರಿನ ಆರೋಗ್ಯ ನೋಡುವವರ ದಣಿವನ್ನು ಯಾರು ಬರೆದುಕೊಳ್ಳಬೇಕು? ಅವರ ಒಪ್ಪಿಗೆ ಪಡೆದು ಅವರನ್ನೂ ಅಧ್ಯಯನಕ್ಕೆ ಸೇರಿಸಿಕೊಂಡೆ. ಆರೋಗ್ಯ ಕಾರ್ಯಕರ್ತರು ಒಂದು ಕಡೆ, ರೋಗಿಗಳು ಇನ್ನೊಂದು ಕಡೆ ಎಂಬ ವಿಂಗಡಣೆ ನಮ್ಮ ಹಳ್ಳಿಗಳಲ್ಲಿ ನಿಲ್ಲುವುದಿಲ್ಲ.

ಅವರೇ ಇನ್ನೊಂದು ದಾರಿ ತೋರಿಸಿದರು. ಸುಲಿತದ ಮನೆಯಲ್ಲಿ ಸಿಗುವವರು ಇನ್ನೂ ಕೂರಲು ಸಾಧ್ಯವಿರುವವರು. ಮಂಡಿ, ಸೊಂಟ ಪೂರ್ತಿ ಕೈಕೊಟ್ಟವರು ಆಗಲೇ ಕೆಲಸ ಬಿಟ್ಟು ಮನೆ ಸೇರಿರುತ್ತಾರೆ. ದುಡಿಯುವವರನ್ನಷ್ಟೇ ಎಣಿಸಿದರೆ ಕೆಲಸ ಅಷ್ಟೇನೂ ಅಪಾಯಕಾರಿಯಲ್ಲ ಎಂದು ಕಾಣುತ್ತದೆ. ಕಾರ್ಮಿಕರ ಆರೋಗ್ಯ ಸಂಶೋಧನೆಯಲ್ಲಿ ಬಹುಕಾಲದಿಂದ ಗೊತ್ತಿರುವ ತೊಡಕು ಇದು. ಹಿಂದೆ ಸುಲಿಯುತ್ತಿದ್ದು ಈಗ ಬಿಟ್ಟವರ ಪಟ್ಟಿಯನ್ನು ಆಶಾ ನೆನಪಿನಿಂದಲೇ ಬರೆಸಿದರು. ಅವರ ಮನೆಗಳಿಗೂ ಹೋದೆ.

ಪ್ರಶ್ನಾವಳಿಯಲ್ಲಿ ಇಲ್ಲದ ಎರಡು ಸಂಗತಿಗಳು ಮಾತಿನ ನಡುವೆ ಬಂದವು. ಮೊದಲನೆಯದು ನೀರು. ಶೌಚಾಲಯ ದೂರ, ದಾರಿ ಕತ್ತಲು, ಎದ್ದರೆ ಕೂಲಿ ಕಡಿಮೆ. ಆದ್ದರಿಂದ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಉರಿಮೂತ್ರದ ಗುಟ್ಟು ಅಲ್ಲಿತ್ತು. ಎರಡನೆಯದು ನಿದ್ದೆ ತಡೆಯಲು ಹಾಕುವ ಕವಳ, ಅಂದರೆ ಎಲೆಅಡಿಕೆ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ, ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಡಿಕೆಯಿಂದಲೇ ಅನ್ನ ಕಾಣುವ ಊರಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳದೆ ಇರಲಾರೆ. ಬಾಯಿ ಎಷ್ಟು ತೆರೆಯುತ್ತದೆಂದು ತಿಳಿಯಲು ಅವರವರದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತವೆಯೇ ಎಂದು ನೋಡಿಸುತ್ತಿದ್ದೆ. ಹೋಗದವರನ್ನು, ಬಾಯಿ ಉರಿಯುತ್ತದೆ ಎಂದವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಚೀಟಿ ಬರೆದು ಕಳಿಸಿದೆ.

ನೆಮ್ಮದಿಯ ಅಂಕ ಕಡಿಮೆ ಬಂದವರನ್ನು ಅಂಕ ಬರೆದುಕೊಂಡು ಬಿಟ್ಟುಬರಬಾರದು ಎಂಬ ವಿಚಾರದಲ್ಲಿ ನನಗೆ ರಾಜಿಯಿಲ್ಲ. ಸಮೀಕ್ಷೆ ಶುರುವಾಗುವ ಮೊದಲೇ ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಸೇವೆಯ ದಿನವನ್ನು ತಿಳಿದುಕೊಂಡಿದ್ದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಉಳಿಸಿಕೊಡುತ್ತಿದ್ದೆ. ಕೆಲವರಿಗೆ ಮೊಬೈಲ್ ಗಂಡನ ಕೈಯಲ್ಲಿರುತ್ತದೆ. ಅಂಥವರು ಉಪಕೇಂದ್ರಕ್ಕೆ ಬಂದು ನನ್ನ ಫೋನಿನಿಂದ ಮಾತಾಡಿದರು, ನಾನು ಹೊರಗೆ ನಿಂತಿದ್ದೆ.

ಪರಿಹಾರದ ಮಾತು ಬಂದಾಗ ಗಂಟೆಗೊಮ್ಮೆ ಎದ್ದು ಮೈ ಸಡಿಲಿಸಿ ಎಂಬ ಪುಸ್ತಕದ ಸಲಹೆ ಅವರ ಮುಂದೆ ನಿಲ್ಲಲಿಲ್ಲ. ಸುಲಿದಷ್ಟಕ್ಕೇ ಕೂಲಿ ಇರುವಾಗ ವಿಶ್ರಾಂತಿಗೆ ಅವರೇ ಬೆಲೆ ತೆರಬೇಕು. ಹೆಂಗಸರೇ ಒಂದು ಉಪಾಯ ಕಂಡುಕೊಂಡರು: ಸುಲಿದ ಅಡಿಕೆಯನ್ನು ಅಳೆಯುವಾಗ ಒಬ್ಬೊಬ್ಬರೇ ಏಳುವ ಬದಲು ಎಲ್ಲರೂ ಒಟ್ಟಿಗೆ ಏಳುವುದು. ಎಲ್ಲರೂ ನಿಂತಾಗ ಯಾರೂ ಹಿಂದೆ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಸೊಂಟ ಹಿಂದಕ್ಕೆ ಬಾಗಿಸುವುದು, ಕತ್ತು ತಿರುಗಿಸುವುದು, ಒಂದು ಲೋಟ ನೀರು. ಮಣೆಯ ಕೆಳಗೆ ಮಡಚಿದ ಗೋಣಿ ಹಾಕಿ ಎತ್ತರ ಮಾಡಿಕೊಂಡವರು ಮಂಡಿ ಹಗುರಾಯಿತೆಂದರು. ಒಬ್ಬ ಯಜಮಾನರು ತಾವಾಗಿಯೇ ಶೌಚಾಲಯದ ದಾರಿಗೆ ದೀಪ ಹಾಕಿಸಿದರು.

ಫಲಿತಾಂಶವನ್ನು ಯಾರ ಹೆಸರೂ ಇಲ್ಲದೆ ಒಂದು ಹಾಳೆಗಿಳಿಸಿ ಸ್ವಸಹಾಯ ಸಂಘದ ಸಭೆಯಲ್ಲಿ ಓದಿದೆ. ಉಳಿದ ಮನೆಗಳ ಶೌಚಾಲಯ, ದೀಪದ ಬಗ್ಗೆ ಗ್ರಾಮಸಭೆಯಲ್ಲಿ ತಾವೇ ಕೇಳುವುದಾಗಿ ಹೇಳಿ ಸಂಘದವರು ಆ ಹಾಳೆಯನ್ನು ತೆಗೆದಿಟ್ಟುಕೊಂಡಿದ್ದಾರೆ.